ಹಾಡು ಹಿಡಿದಿಡಲು ಸದ್ದಿಲ್ಲದ ಕಂಪ್ಯೂಟರ್

ಅತ್ತೆಯವರಿಗೆ ಮಾತ್ರ ಬಾಯಿಗೆ ಬರುವ ಹಸೆ ಹಾಡು, ಆರತಿ ಹಾಡುಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಬೇಕು ಅಂತಿದ್ದೀರಾ? ತಡ ಮಾಡಬೇಡಿ. ಆದರೆ ಕಂಪ್ಯೂಟರ್ ಜೋಡಿಸಿಕೊಳ್ಳಲು ಜೀವನ್ ಬಿಮಾ ನಗರದಿಂದ ಎಸ್.ಪಿ. ರಸ್ತೆಗೆ ಹೊರಡುವ ಮುನ್ನ ಒಂದು ನೆನಪಿರಲಿ: ನಿಮಗೆ ಬೇಕಿರುವುದು ವೇಗಕ್ಕಿಂತ ನಿಶ್ಶಬ್ದ.

ಬಣ್ಣದ ದೀಪ ಮಿನುಗುವ ಗ್ರಾಫಿಕ್ಸ್ ಕಾರ್ಡ್ ತೋರಿಸಿದರೆ ಮರುಳಾಗಬೇಡಿ. ಅದು ಗೇಮ್ ಆಡುವ ಹುಡುಗರಿಗೆ. ಹಾಡಿಗೆ ಅದರಿಂದ ಪ್ರಯೋಜನವಿಲ್ಲ, ಅದರ ಫ್ಯಾನಿನ ಸದ್ದು ಮಾತ್ರ ಮೈಕಿಗೆ ಬೀಳುತ್ತೆ. ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ಕೇಳಿ. ಇಂಟೆಲ್‌ನದಾದರೆ, ಹೆಸರಿನ ಕೊನೆಗೆ ‘ಎಫ್’ ಇರುವುದು ಬೇಡ. ಅದರಲ್ಲಿ ಗ್ರಾಫಿಕ್ಸ್ ಇರೋಲ್ಲ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ. ಒಳಗೆ ತಿರುಗುವ ತಟ್ಟೆಯೇ ಇಲ್ಲ, ಸದ್ದು ಎಲ್ಲಿಂದ ಬರಬೇಕು? ಜಾಗದ ಚಿಂತೆಯೂ ಬೇಡ. 24 ಬಿಟ್, 48 ಕಿಲೋಹರ್ಟ್ಜ್‌ನಲ್ಲಿ ಒಂದು ಮೈಕಿನ ಒಂದು ಗಂಟೆಯ ಹಾಡು ಸುಮಾರು 520 ಎಂಬಿ ಅಷ್ಟೆ. ರ‍್ಯಾಮ್ 16 ಜಿಬಿ ಧಾರಾಳ.

ಉಳಿಸಿದ ಹಣವನ್ನು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್‌ಗೆ ಹಾಕಿ. ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಕೊಡುವಂಥದ್ದೇ ಇರಲಿ.

ಇನ್ನು ನಮ್ಮ ಏರಿಯಾದ ವಿಮಾನಗಳು! 2008ರಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದರೂ ಎಚ್‌ಎಎಲ್ ರನ್‌ವೇ ಸುಮ್ಮನಾಗಿಲ್ಲ. ಸದ್ದು ಬಂದರೆ ಅತ್ತೆಯವರಿಗೆ ಒಂದು ಲೋಟ ಬಿಸಿನೀರು ಕೊಟ್ಟು, ಆ ನುಡಿಯನ್ನು ಇನ್ನೊಮ್ಮೆ ಹಾಡಿಸಿ.