ನಿಮಗಿದು ಗೊತ್ತೆ? ಅಂಬರಿನೊಳಗೊಂದು ಅಪ್ಸರೆ ಏಡಿ!

ಸುಮಾರು 10 ಕೋಟಿ ವರ್ಷಗಳ ಹಿಂದೆ, ಇಂದಿನ ಮ್ಯಾನ್ಮಾರ್ ಇರುವ ಕಡೆ, ಮರದಿಂದ ಒಸರಿದ ಅಂಟಿನಲ್ಲಿ ಪುಟ್ಟ ಏಡಿಯೊಂದು ಸಿಕ್ಕಿಬಿತ್ತು. ಅಂಟು ಗಟ್ಟಿಯಾಗಿ ಅಂಬರ್ ಆಯಿತು. ಏಡಿ ಹಾಗೆಯೇ ಉಳಿಯಿತು. ಕಾಲು ಚಾಚಿದರೂ ಅದರ ಅಗಲ ಬರೀ 5 ಮಿಲಿಮೀಟರ್.

2021ರಲ್ಲಿ ವಿಜ್ಞಾನಿ ಹಾವಿಯೆರ್ ಲೂಕೆ ಮತ್ತು ಸಂಗಡಿಗರು ಇದನ್ನು ಹೊಸ ಪ್ರಭೇದವೆಂದು ಘೋಷಿಸಿ, ‘ಕ್ರೆಟಾಪ್ಸರಾ ಅಥನಾಟಾ’ ಎಂದು ಹೆಸರಿಟ್ಟರು. ಅದು ಬದುಕಿದ್ದ ಕ್ರಿಟೇಷಿಯಸ್ ಯುಗ, ನಮ್ಮ ಪುರಾಣದ ಅಪ್ಸರೆ, ಸಾವಿಲ್ಲದ್ದು ಎಂಬರ್ಥದ ಗ್ರೀಕ್ ಪದ: ಮೂರೂ ಈ ಹೆಸರಿನಲ್ಲಿ ಸೇರಿವೆ.

ಅಂಬರ್ ತುಣುಕನ್ನು ಒಡೆಯದೆ ಸಿ.ಟಿ. ಸ್ಕ್ಯಾನ್ ಮಾಡಿದಾಗ ಕಣ್ಣು, ಮೀಸೆ, ಬಾಯಿಯ ಬಳಿಯ ನವಿರು ರೋಮ ಮಾತ್ರವಲ್ಲ, ಒಳಗಿನ ಕಿವಿರು ಕೂಡ ಸ್ಪಷ್ಟವಾಗಿ ಕಂಡಿತು! ಶ್ವಾಸಕೋಶದಂಥ ಅಂಗಾಂಶದ ಸುಳಿವಿರಲಿಲ್ಲ. ಹೀಗಾಗಿ ಇದು ನೀರಿನಲ್ಲಿ ಅಥವಾ ನೀರಂಚಿನಲ್ಲಿ ಬಾಳಿದ ಜೀವಿ ಎನ್ನುತ್ತಾರೆ ವಿಜ್ಞಾನಿಗಳು. ಏಡಿಗಳು ಕಡಲು ಬಿಟ್ಟು ಸಿಹಿನೀರಿನತ್ತ, ನೆಲದತ್ತ ಹೊರಟದ್ದು ಎಣಿಸಿದ್ದಕ್ಕಿಂತ ಬಹಳ ಹಿಂದೆಯೇ ಎಂಬುದಕ್ಕೆ ಇದು ಬಲವಾದ ಸಾಕ್ಷಿ.

ಇದೇ ಲೂಕೆ 2005ರಲ್ಲಿ ಕೊಲಂಬಿಯಾದ ಆಂಡೀಸ್ ಬೆಟ್ಟಗಳಲ್ಲಿ ಇನ್ನೊಂದು ವಿಚಿತ್ರ ಏಡಿಯ ಪಳೆಯುಳಿಕೆ ಕಂಡಿದ್ದರು. ದೊಡ್ಡ ಕಣ್ಣು, ದೋಣಿಯ ಹುಟ್ಟಿನಂಥ ಕಾಲು! ಅದು ನಿಜಕ್ಕೂ ಏಡಿಯೇ, ಹೊಸ ಪ್ರಭೇದವೇ ಎಂದು ಖಚಿತಪಡಿಸಿ ಪ್ರಕಟಿಸಿದ್ದು 2019ರಲ್ಲಿ. ಅದರ ಹೆಸರು ‘ಕ್ಯಾಲಿಕಿಮೇರಾ ಪರ್ಪ್ಲೆಕ್ಸಾ’. ಅರ್ಥ: ತಬ್ಬಿಬ್ಬುಗೊಳಿಸುವ ಚೆಲುವಾದ ಬೆರಕೆ ಜೀವಿ.

ಕಲ್ಲಲ್ಲಿ ಸಿಕ್ಕ ಒಂದು ಏಡಿಗೆ ಹೆಸರು ದಕ್ಕಲು 14 ವರ್ಷಗಳ ತಾಳ್ಮೆ ಬೇಕಾಯಿತು!