ಸೈಡ್ ಸ್ಟ್ಯಾಂಡಿಗೆ ಅಗಲವಾದ ಪಾದ

ಮಳೆ ಬಿದ್ದ ಮರುದಿನ ಧಾರವಾಡ, ಗದಗ ಕಡೆಯ ಎರೆಮಣ್ಣಿನಲ್ಲಿ ಬೈಕು ನಿಲ್ಲಿಸಿ ನೋಡಿ. ಸೈಡ್ ಸ್ಟ್ಯಾಂಡ್ ಮೆಲ್ಲನೆ ನೆಲದೊಳಕ್ಕೆ ಇಳಿಯುತ್ತದೆ. ಬೈಕು ಎಡಕ್ಕೆ ವಾಲುತ್ತ ವಾಲುತ್ತ ಕೊನೆಗೆ ಮಗುಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮೆತ್ತಗಾದ ಡಾಂಬರಿನ ಮೇಲೂ ಇದೇ ಕಥೆ. ಆದರೆ ಅದೇ ಜಾಗದಲ್ಲಿ ನಿಂತ ನೀವು ಅಷ್ಟು ಹೂತುಹೋಗುವುದಿಲ್ಲ. ಏಕೆ?

ನೆಲ ಕುಸಿಯುವುದು ಭಾರವೊಂದರಿಂದಲೇ ಅಲ್ಲ, ಒತ್ತಡದಿಂದ. 150 ಕಿಲೊ ತೂಕದ ಬೈಕಿನ 40 ಕಿಲೊ ಸ್ಟ್ಯಾಂಡಿನ ಮೇಲೆ ಬೀಳುತ್ತದೆ ಎಂದಿಟ್ಟುಕೊಳ್ಳಿ. ಸ್ಟ್ಯಾಂಡಿನ ಪಾದ 3 ಸೆಂ.ಮೀ. ಅಗಲ, 4 ಸೆಂ.ಮೀ. ಉದ್ದವಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ 3.3 ಕಿಲೊ ಆಯಿತು. 60 ಕಿಲೊ ತೂಗುವ ನಿಮ್ಮ ಎರಡು ಅಂಗಾಲುಗಳು ಸೇರಿ 300 ಚದರ ಸೆಂ.ಮೀ. ಇದ್ದರೆ ಅಲ್ಲಿ ಬರುವುದು 0.2 ಕಿಲೊ ಮಾತ್ರ. (ತೂಕವನ್ನು ನ್ಯೂಟನ್‌ನಲ್ಲಿ ಬರೆಯಿರಿ ಎಂದು ನಿಮ್ಮ ಮೇಷ್ಟ್ರು ಹೇಳಿಯಾರು. ಹೋಲಿಕೆಗೆ ಇಷ್ಟು ಸಾಕು.)

ಪಾದದ ಕೆಳಗೆ 6 ಸೆಂ.ಮೀ. ಅಗಲ, 8 ಸೆಂ.ಮೀ. ಉದ್ದದ ಕಬ್ಬಿಣದ ತಗಡು ಸೇರಿಸಿದರೆ ಒತ್ತಡ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. 3 ಮಿ.ಮೀ. ದಪ್ಪದ ತಗಡು ಸಾಕು. ಪಾದದ ಮೇಲೊಂದು ಪಟ್ಟಿ, ಕೆಳಗೆ ಈ ತಗಡು. ಎರಡನ್ನೂ ಪಾದದ ಅಂಚಿನಾಚೆ ಬೋಲ್ಟು ಹಾಕಿ ಬಿಗಿಯಿರಿ. ಬೆಸುಗೆಯ ಗೋಜು ಬೇಡ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಕಿಡಿ ಹಾರಿಸುವುದು ಮನೆಯಲ್ಲಿ ಮಾಡುವ ಕೆಲಸವಲ್ಲ.

ದಪ್ಪ ತಗಡು ಇನ್ನೂ ಗಟ್ಟಿಯಲ್ಲವೇ ಎಂದು ಕೇಳಬಹುದು. ತೊಡಕಿರುವುದು ಇಲ್ಲೇ. ಸ್ಟ್ಯಾಂಡಿನ ಪಾದ ಚಕ್ರಗಳ ಸಾಲಿನಿಂದ ಸುಮಾರು 28 ಸೆಂ.ಮೀ. ದೂರದಲ್ಲಿದ್ದರೆ, ತಗಡಿನ ಪ್ರತಿ 5 ಮಿ.ಮೀ. ದಪ್ಪಕ್ಕೆ ಬೈಕು ಒಂದು ಡಿಗ್ರಿಯಷ್ಟು ನೆಟ್ಟಗಾಗುತ್ತದೆ. ಬೈಕು ವಾಲಿ ನಿಲ್ಲುವುದೇ ಅದರ ಭದ್ರತೆ. ಗುರುತ್ವ ಕೇಂದ್ರ ಎರಡು ಚಕ್ರ ಮತ್ತು ಸ್ಟ್ಯಾಂಡ್ ಸೇರಿ ಆಗುವ ತ್ರಿಕೋನದೊಳಗೆ ಇರಬೇಕು. ತೀರ ನೆಟ್ಟಗಾದರೆ, ಬಲಕ್ಕೆ ಇಳಿಜಾರಿದ್ದ ಕಡೆ ಒಂದು ಸಣ್ಣ ತಳ್ಳುವಿಕೆಗೇ ಬಲಕ್ಕೆ ಉರುಳುತ್ತದೆ. ಆ ಪಕ್ಕದಲ್ಲಿ ಹಿಡಿಯಲು ಸ್ಟ್ಯಾಂಡಿಲ್ಲ.

ಇನ್ನು ಸ್ಪ್ರಿಂಗಿನ ವಿಷಯ. ಅದು ಎಳೆಯುವ ಗೆರೆ ಸ್ಟ್ಯಾಂಡ್ ತಿರುಗುವ ಬೋಲ್ಟಿನ ಒಂದು ಪಕ್ಕಕ್ಕಿದ್ದರೆ ಸ್ಟ್ಯಾಂಡ್ ಕೆಳಗೆ ನಿಲ್ಲುತ್ತದೆ, ಇನ್ನೊಂದು ಪಕ್ಕಕ್ಕೆ ದಾಟಿದರೆ ಮೇಲೆ. ಜಾಣತನದ ಏರ್ಪಾಡು! ಆದರೆ ಪಾದದ ತೂಕ ಹೆಚ್ಚಿದಷ್ಟೂ ಹಳ್ಳಗುಂಡಿಗಳಲ್ಲಿ ಸ್ಟ್ಯಾಂಡ್ ಕುಲುಕಾಡಿ ಜಾರಬಹುದು. ಓಡುವಾಗ ಅದು ಇಳಿದಿದ್ದು ಎಡತಿರುವಿನಲ್ಲಿ ನೆಲಕ್ಕೆ ಬಡಿದರೆ ಸವಾರ ಬಿದ್ದಂತೆಯೇ. ಆದ್ದರಿಂದ ಸ್ಟ್ಯಾಂಡನ್ನು ಮಡಚಿ ಕೈಯಿಂದ ಜೋರಾಗಿ ಅಲುಗಾಡಿಸಿ ನೋಡಿ. ತಗಡು ಚೈನಿಗಾಗಲಿ ಗೇರ್ ಪೆಡಲಿಗಾಗಲಿ ತಾಗಬಾರದು. ಬೈಕನ್ನು ಎಡಕ್ಕೆ ಬಾಗಿಸಿದರೆ ನೆಲಕ್ಕೂ ಮುಟ್ಟಬಾರದು. ಸ್ಪ್ರಿಂಗ್ ಸಡಿಲವೆನಿಸಿದರೆ ಮೊದಲು ಅದನ್ನು ಬದಲಿಸಿ.

ಇತ್ತೀಚಿನ ಹಲವು ಬೈಕುಗಳಲ್ಲಿ ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ ಓಡದಂತೆ ತಡೆಯುವ ಸ್ವಿಚ್ಚಿದೆ. ಅದು ಕೆಟ್ಟಾಗ ತಂತಿ ಜೋಡಿಸಿ ಸ್ವಿಚ್ಚನ್ನೇ ನಿಷ್ಪ್ರಯೋಜಕ ಮಾಡಿಕೊಡುವವರಿದ್ದಾರೆ. ಒಪ್ಪಬೇಡಿ, ಹೊಸ ಸ್ವಿಚ್ ಹಾಕಿಸಿ.

ಇಷ್ಟೆಲ್ಲ ಬೇಡವೆನ್ನುವವರು ಅಂಗೈ ಅಗಲದ ಹಲಗೆಯ ತುಂಡೊಂದನ್ನು ಚೀಲದಲ್ಲಿಟ್ಟುಕೊಂಡು, ಬೇಕಾದಲ್ಲಿ ಸ್ಟ್ಯಾಂಡಿನ ಕೆಳಗಿಟ್ಟರೂ ಆದೀತು.