ಸುಮ್ಮನೆ ಕೂತ ಸರ್ವರ್‌ಗೂ ಬಿಲ್ ಬರುತ್ತದೆ!

ಗೃಹಜ್ಯೋತಿ ಯೋಜನೆಯಲ್ಲಿ ನಮ್ಮ ರಾಜ್ಯದ ಒಂದು ಮನೆಗೆ ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ. ದೀಪ, ಫ್ಯಾನು, ಟಿ.ವಿ., ಮಿಕ್ಸಿ, ಫ್ರಿಜ್ಜು ಎಲ್ಲ ಸೇರಿದರೂ ಎಷ್ಟೋ ಮನೆಗಳು ಆ ಗಡಿ ದಾಟುವುದಿಲ್ಲ. ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಯಾವುದೋ ಕಂಪನಿಯ ಸರ್ವರ್ ರೂಮಿನಲ್ಲಿ ಒಂದು ಸರ್ವರ್ ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಆನ್ ಆಗಿ ಕೂತಿದೆ, 200 ವಾಟ್ ಎಳೆಯುತ್ತಿದೆ ಎಂದುಕೊಳ್ಳಿ. ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ ಎಂದರೆ 144 ಯೂನಿಟ್ ಆಯಿತು. ಅದು ಉಗುಳುವ ಬಿಸಿಯನ್ನು ಹೊರಹಾಕುವ ಎಸಿ, ಯುಪಿಎಸ್‌ನಲ್ಲಿ ಸೋರಿಹೋಗುವ ವಿದ್ಯುತ್ತನ್ನೂ ಸೇರಿಸಿದರೆ ಸುಮಾರು 230 ಯೂನಿಟ್. ಒಂದು ಸಂಸಾರ ತಿಂಗಳಿಡೀ ಬಳಸುವುದಕ್ಕಿಂತ ಹೆಚ್ಚು ವಿದ್ಯುತ್ತು, ಕೆಲಸವೇ ಮಾಡದ ಒಂದು ಪೆಟ್ಟಿಗೆಗೆ!

ಇಂಥ ಪೆಟ್ಟಿಗೆಗಳು ಅಪರೂಪವೇನಲ್ಲ. ಅಮೆರಿಕದ ಸಂಶೋಧಕ ಜೊನಾಥನ್ ಕೂಮಿ ಮತ್ತು ಸಂಗಡಿಗರು 2015ರಲ್ಲಿ ಸುಮಾರು ನಾಲ್ಕು ಸಾವಿರ ಸರ್ವರ್‌ಗಳ ಮಾಹಿತಿ ಪರಿಶೀಲಿಸಿದಾಗ, ಶೇ 30ರಷ್ಟು ಸರ್ವರ್‌ಗಳು ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲದಿಂದ ಉಪಯುಕ್ತವಾದ ಯಾವ ಕೆಲಸವನ್ನೂ ಮಾಡಿರಲಿಲ್ಲ. ಅವಕ್ಕೆ ಅವರು ಕೊಟ್ಟ ಹೆಸರು ‘ಕೋಮಾದಲ್ಲಿರುವ ಸರ್ವರ್‌ಗಳು’. ಉಸಿರಾಟ ಮಾತ್ರ ಇದೆ, ಎಚ್ಚರವಿಲ್ಲ.

ದೊಡ್ಡಪ್ಪನ ಪ್ರಶ್ನೆ

ನಾನು ಪಾವಗಡ ತಾಲ್ಲೂಕಿನ ಹಳ್ಳಿಯಿಂದ ಬಂದು ಬಿ.ಇ. ಓದುತ್ತಿರುವ ವಿದ್ಯಾರ್ಥಿ. ನಮ್ಮ ಕಡೆ ಮಳೆ ಕಡಿಮೆ, ಬಿಸಿಲು ಮಾತ್ರ ಧಾರಾಳ. ಸುಮಾರು 13 ಸಾವಿರ ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇರುವುದು ಇಲ್ಲೇ. ರೈತರು ತಮ್ಮ ಜಮೀನನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ನಮ್ಮ ದೊಡ್ಡಪ್ಪನ ಶೇಂಗಾ ಹೊಲವೂ ಈಗ ನೀಲಿ ಗಾಜಿನ ಹೊಲ. ಕಳೆದ ಯುಗಾದಿಗೆ ಊರಿಗೆ ಹೋದಾಗ ಅವರು ಕೇಳಿದರು: ‘ಅಲ್ಲ ಕಣಪ್ಪಾ, ನಮ್ಮ ಹೊಲದಾಗೆ ಹುಟ್ಟೋ ಕರೆಂಟೆಲ್ಲ ಬೆಂಗಳೂರಿಗೆ ಹೋಗ್ತದಂತಲ್ಲ, ಅಷ್ಟೊಂದು ಕರೆಂಟ್ ತಗೊಂಡು ಅವ್ರು ಏನ್ ಮಾಡ್ತಾರೆ?’

ಗ್ರಿಡ್‌ಗೆ ಸೇರಿದ ಮೇಲೆ ಯಾವ ಕರೆಂಟು ಎಲ್ಲಿಗೆ ಹೋಯಿತೆಂದು ಬೆರಳಿಟ್ಟು ತೋರಿಸಲಾಗದು. ಆದರೂ ಪ್ರಶ್ನೆ ನ್ಯಾಯವಾದದ್ದೇ. ನಮ್ಮೂರಿನ ಪಂಪ್‌ಸೆಟ್‌ಗೆ ತ್ರೀ ಫೇಸ್ ಬರುವುದು ದಿನಕ್ಕೆ ಏಳು ಗಂಟೆ. ಅದರಲ್ಲೂ ಸ್ವಲ್ಪ ಪಾಲು ರಾತ್ರಿ ಹೊತ್ತು. ಆದರೆ ಸರ್ವರ್‌ಗೆ 24 ಗಂಟೆಯೂ ಬೇಕು. ಸೂರ್ಯ ಮುಳುಗಿದ ಮೇಲೆ ಬೇಕಾಗುವ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಕಲ್ಲಿದ್ದಲು ಸುಟ್ಟೇ ಬರಬೇಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಬಳಸಿದ್ದು ಸುಮಾರು 415 ಟೆರಾವಾಟ್ ಅವರ್, ಅಂದರೆ 41,500 ಕೋಟಿ ಯೂನಿಟ್. ಜಗತ್ತಿನ ಒಟ್ಟು ವಿದ್ಯುತ್ ಬಳಕೆಯಲ್ಲಿ ಇದು ಶೇ 1.5ರಷ್ಟು. 2030ರ ಹೊತ್ತಿಗೆ ಇದು 945 ಟೆರಾವಾಟ್ ಅವರ್ ಮುಟ್ಟಬಹುದು ಎನ್ನುತ್ತದೆ ಅದೇ ಸಂಸ್ಥೆ.

ಸಿಗ್ನಲ್‌ನಲ್ಲಿ ನಿಂತ ಆಟೊ

ಕೆಲಸವಿಲ್ಲದ ಸರ್ವರ್ ಏಕೆ ಅಷ್ಟೊಂದು ವಿದ್ಯುತ್ ತಿನ್ನುತ್ತದೆ? ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡದೆ ನಿಂತ ಆಟೊ ನೆನಪಿಸಿಕೊಳ್ಳಿ. ಚಕ್ರ ಉರುಳದಿದ್ದರೂ ಇಂಧನ ಉರಿಯುತ್ತಲೇ ಇರುತ್ತದೆ. ಸರ್ವರ್‌ನಲ್ಲೂ ಹಾಗೆಯೇ. ಪ್ರೊಸೆಸರ್ ಖಾಲಿ ಇದ್ದರೂ ಮೆಮೊರಿಯನ್ನು ರಿಫ್ರೆಶ್ ಮಾಡುತ್ತಿರಬೇಕು, ಡಿಸ್ಕ್ ತಿರುಗುತ್ತಿರಬೇಕು, ಫ್ಯಾನ್ ಬೀಸುತ್ತಿರಬೇಕು, ನೆಟ್‌ವರ್ಕ್ ಕಾರ್ಡ್ ಕಿವಿಗೊಟ್ಟು ಕಾಯುತ್ತಿರಬೇಕು. ಇದರ ಮೇಲೆ ಪವರ್ ಸಪ್ಲೈ ಬೇರೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಎರಡು ಪವರ್ ಸಪ್ಲೈ ಇರುತ್ತವೆ. ಲೋಡ್ ಇಬ್ಭಾಗವಾಗಿ ಎರಡೂ ತಮ್ಮ ಸಾಮರ್ಥ್ಯದ ತೀರಾ ಕೆಳಮಟ್ಟದಲ್ಲಿ ಓಡುತ್ತವೆ. ಅಷ್ಟು ಕಡಿಮೆ ಲೋಡ್‌ನಲ್ಲಿ ಅವುಗಳ ದಕ್ಷತೆಯೂ ಕುಸಿಯುತ್ತದೆ.

ಗೂಗಲ್‌ನ ಎಂಜಿನಿಯರ್‌ಗಳಾದ ಲೂಯಿಸ್ ಬರೋಸೊ ಮತ್ತು ಉರ್ಸ್ ಹೋಲ್ಜ್ಲೆ 2007ರಲ್ಲಿ ಬರೆದ ಒಂದು ಲೇಖನ ಈ ಕ್ಷೇತ್ರದ ಯೋಚನೆಯನ್ನೇ ಬದಲಿಸಿತು. ಅವರು ಹೇಳಿದ್ದು ಎರಡು ಸಂಗತಿ. ಒಂದು, ಸರ್ವರ್‌ಗಳು ಬಹುಪಾಲು ಸಮಯ ತಮ್ಮ ಸಾಮರ್ಥ್ಯದ ಶೇ 10ರಿಂದ 50ರಷ್ಟನ್ನು ಮಾತ್ರ ಬಳಸುತ್ತವೆ. ಎರಡು, ಆಗಿನ ದಕ್ಷ ಸರ್ವರ್ ಕೂಡ ಖಾಲಿ ಕೂತಾಗ ಗರಿಷ್ಠ ವಿದ್ಯುತ್ತಿನ ಅರ್ಧದಷ್ಟನ್ನು ಎಳೆಯುತ್ತಿತ್ತು. ಎಷ್ಟು ಕೆಲಸವೋ ಅಷ್ಟೇ ವಿದ್ಯುತ್ ಎಂಬಂತೆ ಯಂತ್ರಗಳನ್ನು ಕಟ್ಟಬೇಕು ಎಂಬುದು ಅವರ ವಾದ. ಆಮೇಲೆ ಬಂದ ಪ್ರೊಸೆಸರ್‌ಗಳು ಬಿಡುವಿನಲ್ಲಿ ಚೆನ್ನಾಗಿ ನಿದ್ದೆ ಮಾಡಲು ಕಲಿತಿವೆ. ಆದರೆ ಸರ್ವರ್ ಎಂದರೆ ಪ್ರೊಸೆಸರ್ ಒಂದೇ ಅಲ್ಲವಲ್ಲ.

‘ಮುಟ್ಟಬೇಡಪ್ಪ’ ಎಂದರು

ನಾಲ್ಕನೇ ಸೆಮಿಸ್ಟರ್ ಮುಗಿದ ಮೇಲೆ ಪೀಣ್ಯದ ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಿದೆ. ಯಂತ್ರದ ಬಿಡಿಭಾಗ ತಯಾರಿಸುವ ಕಂಪನಿ ಅದು. ಲೆಕ್ಕಪತ್ರ, ಹಾಜರಾತಿ, ಸಂಬಳ, ಸ್ಟಾಕು, ಬ್ಯಾಕಪ್ ಹೀಗೆ ಒಂದೊಂದಕ್ಕೂ ಬೇರೆ ಬೇರೆ ಕಾಲದಲ್ಲಿ ಕೊಂಡ ಒಟ್ಟು 14 ಸರ್ವರ್‌ಗಳಿದ್ದವು. ಒಂದರ ಮೇಲೆ ಬಿಳಿ ಟೇಪು ಅಂಟಿಸಿ ‘ಆಫ್ ಮಾಡಬೇಡಿ’ ಎಂದು ಬರೆದಿತ್ತು. ‘ಇದರಲ್ಲಿ ಏನು ಓಡ್ತಿದೆ ಸರ್?’ ಎಂದು ಕೇಳಿದೆ. ‘ಗೊತ್ತಿಲ್ಲ, ನಾನು ಬರೋಕೆ ಮುಂಚೆನೇ ಇತ್ತು. ಮುಟ್ಟಬೇಡಪ್ಪ’ ಎಂದರು ಸಿಸ್ಟಂ ನೋಡಿಕೊಳ್ಳುವ ಹಿರಿಯರು.

ಅವರ ಭಯ ಸುಳ್ಳಲ್ಲ. ಸಂಬಳದ ದಿನ ಏನಾದರೂ ನಿಂತುಹೋದರೆ ಬೈಸಿಕೊಳ್ಳುವವರು ಅವರೇ. ಕರೆಂಟ್ ಬಿಲ್ ಕಟ್ಟುವುದು ಅಕೌಂಟ್ಸ್ ವಿಭಾಗ, ಸರ್ವರ್ ನೋಡಿಕೊಳ್ಳುವುದು ಇನ್ನೊಂದು ವಿಭಾಗ. ಉಳಿಸಿದರೆ ಬೆನ್ನು ತಟ್ಟುವವರಿಲ್ಲ, ಕೆಟ್ಟರೆ ಮಾತ್ರ ಎಲ್ಲರೂ ಕೇಳುತ್ತಾರೆ. ಅಲ್ಲಿ ತಂತ್ರಜ್ಞಾನಕ್ಕಿಂತ ದೊಡ್ಡ ತೊಡಕು ಇದೇ ಎಂದು ನನಗೆ ಅನಿಸಿತು.

ಕೊನೆಗೆ ಅವರೇ ಒಂದು ದಾರಿ ತೋರಿಸಿದರು. ಮೊದಲು ಒಂದು ತಿಂಗಳು ಪ್ರತಿ ಸರ್ವರ್‌ನ ಪ್ರೊಸೆಸರ್ ಬಳಕೆ, ಅದಕ್ಕೆ ಯಾರು ಲಾಗಿನ್ ಆಗುತ್ತಾರೆ, ಅದು ಯಾರ ಜೊತೆ ಮಾತಾಡುತ್ತದೆ ಎಂಬುದನ್ನು ಬರೆದಿಟ್ಟೆವು. ಎಷ್ಟು ವಾಟ್ ಎಳೆಯುತ್ತಿದೆ ಎಂಬುದನ್ನು ಸರ್ವರ್‌ನೊಳಗಿನ ಮೇಲ್ವಿಚಾರಣೆಯ ಚಿಪ್ಪೇ ಹೇಳುತ್ತದೆ, ಹೊಸ ಉಪಕರಣ ಬೇಕಿಲ್ಲ. ಯಾರೂ ಬಳಸದಂತೆ ಕಂಡ ಮೂರನ್ನು ಆರಿಸಿ, ಪವರ್ ತೆಗೆಯದೆ ನೆಟ್‌ವರ್ಕ್ ಕೇಬಲ್ ಮಾತ್ರ ಕಿತ್ತು ಎರಡು ವಾರ ಕಾದೆವು. ಯಾರಾದರೂ ಕೂಗಿಕೊಂಡರೆ ತಕ್ಷಣ ಮತ್ತೆ ಚುಚ್ಚಬಹುದು. ಒಂಬತ್ತನೇ ದಿನ ಸ್ಟೋರ್ಸ್‌ನಿಂದ ಫೋನ್ ಬಂತು: ತಿಂಗಳಿಗೊಮ್ಮೆ ತೆಗೆಯುವ ಸ್ಟಾಕ್ ವರದಿ ಬರುತ್ತಿಲ್ಲವಂತೆ. ಟೇಪು ಅಂಟಿಸಿದ್ದ ಸರ್ವರ್‌ನ ಗುಟ್ಟು ಅದೇ ಆಗಿತ್ತು! ಹತ್ತು ನಿಮಿಷದ ಕೆಲಸಕ್ಕಾಗಿ ಅದು ಇಡೀ ತಿಂಗಳು ಉರಿಯುತ್ತಿತ್ತು. ಆ ಕೆಲಸವನ್ನು ಬೇರೊಂದು ಸರ್ವರ್‌ಗೆ ವರ್ಗಾಯಿಸಿದೆವು. ಮೂರೂ ಆಫ್ ಆದವು.

ಉಳಿದವುಗಳಲ್ಲಿ ಐದು ಹಳೆಯ ಸರ್ವರ್‌ಗಳ ಕೆಲಸವನ್ನು ವರ್ಚುವಲ್ ಮಷೀನ್‌ಗಳಾಗಿ ಮಾಡಿ ಎರಡರಲ್ಲಿ ಕೂರಿಸಿದರು. ಐದೈದು ಜನರನ್ನು ಕೂರಿಸಿಕೊಂಡು ಹತ್ತು ಬಸ್ ಓಡಿಸುವುದಕ್ಕಿಂತ ಎಲ್ಲರನ್ನೂ ಒಂದೇ ಬಸ್ಸಿಗೆ ಹತ್ತಿಸುವುದು ಲಾಭ ತಾನೇ? ಆದರೆ ಬಸ್ಸು ಕೆಟ್ಟರೆ ಎಲ್ಲರೂ ದಾರಿಯಲ್ಲೇ ನಿಲ್ಲುತ್ತಾರೆ. ಹಾಗಾಗಿಯೇ ಒಂದರ ಬದಲು ಎರಡು.

ವೇಗಕ್ಕೂ ಉಳಿತಾಯಕ್ಕೂ ಜಗಳವಿಲ್ಲ

ವಿದ್ಯುತ್ ಉಳಿಸಿದರೆ ಸರ್ವರ್ ನಿಧಾನವಾಗುತ್ತದೆ ಎಂಬ ನಂಬಿಕೆ ಅನೇಕರಲ್ಲಿದೆ. ಅದಕ್ಕೇ ಬಯಾಸ್‌ನಲ್ಲಿ ‘ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್’ ಆರಿಸಿ ಮರೆತುಬಿಡುತ್ತಾರೆ. ನಮ್ಮ ಪಠ್ಯದಲ್ಲೇ ಇರುವ ಸೂತ್ರ ಬೇರೆ ಕಥೆ ಹೇಳುತ್ತದೆ. ಚಿಪ್ ಕೆಲಸ ಮಾಡುವಾಗ ಬಳಸುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಮತ್ತು ಫ್ರೀಕ್ವೆನ್ಸಿಗೆ ಅನುಪಾತದಲ್ಲಿರುತ್ತದೆ. ಎರಡನ್ನೂ ಶೇ 10ರಷ್ಟು ಇಳಿಸಿದರೆ ಆ ವಿದ್ಯುತ್ತು ಸುಮಾರು ಶೇ 27ರಷ್ಟು ಇಳಿಯುತ್ತದೆ. ವೇಗ ಕಡಿಮೆಯಾಗುವುದು ಹೆಚ್ಚೆಂದರೆ ಶೇ 10. ಪ್ರೊಸೆಸರ್ ಡಿಸ್ಕಿಗಾಗಿ ಕಾಯುತ್ತಿರುವ ಕೆಲಸದಲ್ಲಂತೂ ಆ ವ್ಯತ್ಯಾಸ ಬಳಕೆದಾರರಿಗೆ ಗೊತ್ತೂ ಆಗುವುದಿಲ್ಲ. ಹಾಗಂತ ಎಲ್ಲ ಕಡೆಯೂ ನಿಧಾನ ಒಳ್ಳೆಯದಲ್ಲ; ಕೆಲವು ಕೆಲಸಗಳನ್ನು ಬೇಗ ಮುಗಿಸಿ ಬೇಗ ನಿದ್ದೆಗೆ ಜಾರುವುದೇ ಉಳಿತಾಯ. ಯಾವುದು ಎಂದು ಅಳೆದೇ ನೋಡಬೇಕು.

ಅದೇ ಕಂಪನಿಯಲ್ಲಿ ತಿಂಗಳ ಕೊನೆಯ ಮಾರಾಟ ವರದಿ ಬರಲು 40 ನಿಮಿಷ ಹಿಡಿಯುತ್ತಿತ್ತು. ಹೊಸ ಸರ್ವರ್ ಕೊಳ್ಳುವ ಮಾತು ನಡೆದಿತ್ತು. ಡೇಟಾಬೇಸ್ ಬಲ್ಲ ಮೇಡಂ ಒಬ್ಬರು ನೋಡಿದಾಗ ತಿಳಿದಿದ್ದು, ಪ್ರತಿ ಗ್ರಾಹಕರ ಹೆಸರಿಗೂ ಇಡೀ ಟೇಬಲ್ಲನ್ನು ಮೊದಲಿನಿಂದ ಕೊನೆಯವರೆಗೆ ಹುಡುಕಲಾಗುತ್ತಿತ್ತು. ಪುಸ್ತಕದ ಹಿಂದೆ ಪದಸೂಚಿ ಇಲ್ಲದಿದ್ದರೆ ಎಲ್ಲ ಪುಟ ತಿರುವಬೇಕಲ್ಲ, ಹಾಗೆ. ಒಂದು ಇಂಡೆಕ್ಸ್ ಸೇರಿಸಿದರು. ವರದಿ ಮೂರು ನಿಮಿಷಕ್ಕೆ ಬಂತು. ವೇಗವೂ ಹೆಚ್ಚಿತು, ವಿದ್ಯುತ್ತೂ ಉಳಿಯಿತು, ಹೊಸ ಸರ್ವರ್‌ನ ಖರ್ಚೂ ತಪ್ಪಿತು. ಒಳ್ಳೆಯ ಕೋಡ್ ಕೂಡ ವಿದ್ಯುತ್ ಉಳಿಸುವ ಸಾಧನ ಎಂದು ಅಂದು ಕಣ್ಣಾರೆ ಕಂಡೆ.

ಸ್ವೆಟರ್ ಬೇಕಾಗುವ ಕೋಣೆ

ಸರ್ವರ್ ರೂಮಿಗೆ ಹೋಗುವಾಗ ಸ್ವೆಟರ್ ಹಾಕಿಕೊಳ್ಳುವುದು ಎಷ್ಟೋ ಕಡೆ ರೂಢಿ. ಅಷ್ಟು ಚಳಿ ಸರ್ವರ್‌ಗೆ ಬೇಕಿಲ್ಲ. ತಂಪುಗೊಳಿಸುವ ತಂತ್ರಜ್ಞಾನದ ಮಾನದಂಡ ರೂಪಿಸುವ ಆಶ್ರೇ ಸಂಸ್ಥೆ ಶಿಫಾರಸು ಮಾಡುವುದು, ಸರ್ವರ್ ಒಳಗೆ ಎಳೆದುಕೊಳ್ಳುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಲಿ ಎಂದು. ತಂಪು ಗಾಳಿಯೂ ಬಿಸಿ ಗಾಳಿಯೂ ಬೆರೆಯದಂತೆ ನೋಡಿಕೊಳ್ಳುವುದು ಮುಖ್ಯ. ರ‍್ಯಾಕ್‌ನಲ್ಲಿ ಖಾಲಿ ಇರುವ ಜಾಗಕ್ಕೆ ಮುಚ್ಚಳದ ಪಟ್ಟಿ ಹಾಕುವುದು, ಕೇಬಲ್ ಗಂಟು ಬಿಡಿಸುವುದು, ಸರ್ವರ್‌ಗಳ ಮುಖವೆಲ್ಲ ಒಂದೇ ಕಡೆಗೆ ಇಡುವುದು, ಇವೆಲ್ಲ ಅಗ್ಗದ ಉಪಾಯಗಳು. ಫ್ಯಾನಿನ ವೇಗವನ್ನು ಶೇ 20ರಷ್ಟು ಇಳಿಸಿದರೆ ಅದು ಬಳಸುವ ವಿದ್ಯುತ್ತು ಸರಿಸುಮಾರು ಅರ್ಧಕ್ಕಿಳಿಯುತ್ತದೆ.

ಈ ಅಚ್ಚುಕಟ್ಟುತನವನ್ನು ಅಳೆಯಲು ಪಿಯುಇ ಎಂಬ ಸಂಖ್ಯೆ ಇದೆ. ಇಡೀ ಕಟ್ಟಡ ಬಳಸಿದ ವಿದ್ಯುತ್ತನ್ನು ಸರ್ವರ್‌ನಂಥ ಯಂತ್ರಗಳು ಬಳಸಿದ ವಿದ್ಯುತ್ತಿನಿಂದ ಭಾಗಿಸಿದರೆ ಅದು ಸಿಗುತ್ತದೆ. 1 ಬಂದರೆ ಪರಿಪೂರ್ಣ. ಗೂಗಲ್ ತನ್ನ ಡೇಟಾ ಸೆಂಟರ್‌ಗಳ ಸರಾಸರಿ 1.1ರ ಆಸುಪಾಸು ಎನ್ನುತ್ತದೆ. ಅಪ್‌ಟೈಮ್ ಇನ್‌ಸ್ಟಿಟ್ಯೂಟ್‌ನ 2023ರ ಸಮೀಕ್ಷೆಯಲ್ಲಿ ಉದ್ಯಮದ ಸರಾಸರಿ 1.58 ಇತ್ತು. ಮೊದಲಿಗೆ ನಾನು ಹಾಕಿದ ಲೆಕ್ಕದಲ್ಲಿ ಹಿಡಿದದ್ದು 1.6. ಆದರೆ ಈ ಸಂಖ್ಯೆಗೊಂದು ಕುರುಡುತನವಿದೆ. ಕೋಮಾದಲ್ಲಿರುವ ಸರ್ವರ್ ಎಳೆಯುವ ವಿದ್ಯುತ್ತನ್ನೂ ಅದು ‘ಕೆಲಸ’ ಎಂದೇ ಎಣಿಸುತ್ತದೆ!

ನೀರಿನ ಮಾತೂ ಇದೆ. ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಅನೇಕವು ಬಿಸಿಯನ್ನು ಹೊರಹಾಕುವುದು ನೀರನ್ನು ಆವಿ ಮಾಡಿ. ಒಂದು ಯೂನಿಟ್ ವಿದ್ಯುತ್ತಿನ ಬಿಸಿ ಹೀಗೆ ಹೋಗಲು ಸುಮಾರು ಒಂದೂವರೆ ಲೀಟರ್ ನೀರು ಬೇಕು. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಕಾದ ಬೆಂಗಳೂರಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಪಾಲಿನ ಕೆಲಸ

ದಕ್ಷತೆಯಿಂದ ಏನಾದೀತು ಎಂದು ಕೈಚೆಲ್ಲುವವರಿಗೆ ಒಂದು ಉದಾಹರಣೆ ಇದೆ. ‘ಸೈನ್ಸ್’ ಪತ್ರಿಕೆಯಲ್ಲಿ 2020ರಲ್ಲಿ ಬಂದ ಅಧ್ಯಯನದ ಪ್ರಕಾರ 2010ರಿಂದ 2018ರ ನಡುವೆ ಜಗತ್ತಿನ ಡೇಟಾ ಸೆಂಟರ್‌ಗಳ ಕೆಲಸ ಶೇ 550ರಷ್ಟು ಏರಿತು, ವಿದ್ಯುತ್ ಬಳಕೆ ಏರಿದ್ದು ಶೇ 6 ಮಾತ್ರ. ವರ್ಚುವಲ್ ಮಷೀನ್, ಒಳ್ಳೆಯ ಪ್ರೊಸೆಸರ್, ಒಳ್ಳೆಯ ಕೂಲಿಂಗ್ ಸೇರಿ ಮಾಡಿದ ಸಾಧನೆ ಅದು. ಆದರೆ ಈಗ ಕೃತಕ ಬುದ್ಧಿಮತ್ತೆಯ ಅಲೆಯಲ್ಲಿ ಆ ಗೆರೆ ಮತ್ತೆ ಮೇಲಕ್ಕೆ ಬಾಗಿದೆ. ಯಂತ್ರ ಅಗ್ಗವಾದಷ್ಟೂ ಅದನ್ನು ಹೆಚ್ಚು ಬಳಸುತ್ತೇವೆ ಎಂಬುದನ್ನು ಕಲ್ಲಿದ್ದಲಿನ ವಿಚಾರದಲ್ಲಿ ಜೆವೊನ್ಸ್ ಎಂಬ ಅರ್ಥಶಾಸ್ತ್ರಜ್ಞ 1865ರಲ್ಲೇ ಹೇಳಿದ್ದರು. ಹಾಗಾಗಿ ದಕ್ಷತೆಯ ಜೊತೆಗೆ ‘ಇದು ನಿಜವಾಗಿ ಓಡಬೇಕೇ?’ ಎಂದು ಕೇಳುವ ಅಭ್ಯಾಸವೂ ಬೇಕು.

ನಮ್ಮ ಲ್ಯಾಬ್ ಪರೀಕ್ಷೆಯಲ್ಲಿ ಪ್ರೋಗ್ರಾಂ ಸರಿಯಾದ ಉತ್ತರ ಕೊಟ್ಟರೆ ಪೂರ್ತಿ ಅಂಕ. ಎಷ್ಟು ಹೊತ್ತು ಹಿಡಿಯಿತು ಎಂದು ಕೆಲವೊಮ್ಮೆ ಕೇಳುತ್ತಾರೆ, ಎಷ್ಟು ವಿದ್ಯುತ್ ಹಿಡಿಯಿತು ಎಂದು ಯಾರೂ ಕೇಳಿದ್ದಿಲ್ಲ. ಪ್ಲಗ್ಗಿಗೆ ಚುಚ್ಚುವ ವಾಟ್ ಮೀಟರ್ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ನಾನೂ ಇಬ್ಬರು ಗೆಳೆಯರೂ ದುಡ್ಡು ಸೇರಿಸಿ ಒಂದನ್ನು ಕೊಂಡಿದ್ದೇವೆ. ಅಂತಿಮ ವರ್ಷದ ಪ್ರಾಜೆಕ್ಟ್ ವರದಿಯಲ್ಲಿ ನಿಖರತೆ, ಸಮಯ ಎಂಬ ಕಾಲಂಗಳ ಪಕ್ಕದಲ್ಲಿ ವಾಟ್ ಎಂಬ ಇನ್ನೊಂದು ಕಾಲಂ ಹಾಕಬೇಕೆಂದು ಮಾತಾಡಿಕೊಂಡಿದ್ದೇವೆ. ನಿಮ್ಮ ಕಾಲೇಜಿನಲ್ಲೂ ಹಾಕಿ ನೋಡಿ. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಯಾರಾದರೂ ಆ ಕಾಲಂ ಬಗ್ಗೆ ಪ್ರಶ್ನೆ ಕೇಳಿದರೆ, ಆ ಕಂಪನಿಯಲ್ಲಿ ಕೆಲಸ ಮಾಡಲು ನನಗಂತೂ ಖುಷಿ.